ಬಟನ್ ಇದೆ, ಜೀವ ಇಲ್ಲ

ಕಬ್ಬಿನ ಸೀಜನ್ ಬಂತೆಂದರೆ ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ಬಸ್ಸಿಗೆ ದಾರಿ ಇಲ್ಲ. ಒಂದು ಟ್ರಾಕ್ಟರು, ಅದರ ಬೆನ್ನಿಗೆ ಎರಡು ಟ್ರೈಲರು, ಅದರ ಮೇಲೆ ಮನೆಯೆತ್ತರ ಕಬ್ಬು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಟೋ ಸಾಲು. ಹೊತ್ತಿಗೆ ಸರಿಯಾಗಿ ಕಚೇರಿ ಸೇರಬೇಕಾದವರು ಕಿಟಕಿಯಿಂದ ಇಣುಕಿ ಕಬ್ಬನ್ನು ಬೈಯುತ್ತಾರೆ, ಡ್ರೈವರನ್ನು ಬೈಯುತ್ತಾರೆ, ಹೊಗೆಯನ್ನು ಬೈಯುತ್ತಾರೆ. ಆ ಕಬ್ಬಿನ ಕೆಳಗೆ ಉರುಳುತ್ತಿರುವ ಟೈರಿನ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರಾಕ್ಟರು ಬರಕೂಡದೆಂದು ಆಜ್ಞೆಯಾಯಿತು. ವೇಗದ ರಸ್ತೆ, ಸರಿಯೇ. ಆದರೆ ಅಲ್ಲಿಂದ ಇಳಿಸಿದ ಟ್ರೈಲರು ಆಕಾಶಕ್ಕೆ ಹಾರಲಿಲ್ಲವಲ್ಲ! ಸರ್ವಿಸ್ ರಸ್ತೆಗೆ ಬಂತು, ಊರೊಳಗೆ ಬಂತು. ಬಸ್ ಸ್ಟಾಪ್ ಇರುವುದೂ ಅಲ್ಲೇ, ಅಂಗಡಿ ಬಾಗಿಲು ತೆರೆದುಕೊಳ್ಳುವುದೂ ಅಲ್ಲಿಗೇ. ಭಾರ ಹೊತ್ತ ಟ್ರೈಲರಿನ ಒಂದು ಟೈರು ಡಂ ಎಂದರೆ ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ. ಮುಂದೆ ಕೂತ ಡ್ರೈವರನಿಗೆ ಅದು ಗೊತ್ತಾಗುವಷ್ಟರಲ್ಲಿ ಕಬ್ಬು ಯಾರ ಮೇಲೆ ಬೀಳಬೇಕೋ ಅವರ ಮೇಲೆ ಬಿದ್ದಾಗಿರುತ್ತದೆ.

"ಏನಪ್ಪಾ, ಟೈರು ಹಿಂಗೈತೆ?" ಎಂದು ಕೇಳಿದರೆ ಮಾಲೀಕರ ಉತ್ತರ ಒಂದೇ: "ಬಟನ್ ಚೆನ್ನಾಗೈತಲ್ಲ ಸಾಮಿ, ಇನ್ನೆರಡು ಸೀಜನ್ ಓಡ್ತದೆ ಬುಡಿ."

ಈ ಮಾತು ಸುಳ್ಳಲ್ಲ. ಬಟನ್ ನಿಜವಾಗಿಯೂ ಚೆನ್ನಾಗಿರುತ್ತದೆ. ಮೋಸ ಇರುವುದೇ ಅಲ್ಲಿ. ಲಾರಿಯ ಟೈರು ಓಡಿ ಓಡಿ ಸಾಯುತ್ತದೆ, ಟ್ರೈಲರಿನ ಟೈರು ನಿಂತು ನಿಂತು ಸಾಯುತ್ತದೆ. ಗದ್ದೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಗದ್ದೆಗೆ, ಅದೂ ಕೆಲವೇ ತಿಂಗಳು. ಉಳಿದ ಕಾಲವೆಲ್ಲ ಹಿತ್ತಲಲ್ಲಿ, ಕಣದಲ್ಲಿ, ಹುಣಿಸೆ ಮರದ ಅರೆ ನೆರಳಲ್ಲಿ ನಿಂತೇ ಇರುವುದು. ಬಟನ್ ಸವೆಯುವುದಾದರೂ ಹೇಗೆ?

ರಬ್ಬರಿಗೆ ಬಿಸಿಲು, ಸೆಕೆ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ಇವೆಲ್ಲ ಶತ್ರುಗಳು. ಇದನ್ನು ತಿಳಿದೇ ಕಂಪನಿಯವರು ರಬ್ಬರಿನೊಳಗೆ ಮೇಣ ಮತ್ತು ರಕ್ಷಕ ರಾಸಾಯನಿಕ ಬೆರೆಸಿರುತ್ತಾರೆ. ಟೈರು ಉರುಳಿ, ಬಾಗಿ, ನೆಟ್ಟಗಾಗುತ್ತಿದ್ದರೆ ಅವು ಮೇಲ್ಮೈಗೆ ಬಂದು ಕಾಯುತ್ತವೆ. ನಿಂತ ಟೈರಿಗೆ ಆ ಭಾಗ್ಯ ಕಮ್ಮಿ. ಪಕ್ಕದ ಗೋಡೆಯಲ್ಲಿ ಬೇಸಗೆಯ ಕೆರೆಯ ಮಣ್ಣಿನಂತೆ ಸಣ್ಣ ಸಣ್ಣ ಬಿರುಕು ಕಾಣಿಸುತ್ತದೆ. ಹೊರಗೆ ಕಾಣುವುದು ಅಷ್ಟು. ಒಳಗೆ ರಬ್ಬರಿಗೂ ನೂಲಿನ ಪದರಕ್ಕೂ ಇರುವ ಅಂಟು ಸಡಿಲವಾಗುತ್ತಿರುತ್ತದೆ, ಅದು ಯಾರ ಕಣ್ಣಿಗೂ ಬೀಳದು. ಸೀಜನ್ನಿನ ಮೊದಲ ದಿನ ಗಾಳಿ ಕಮ್ಮಿ ಇರುವ ಅಂಥ ಟೈರಿನ ಮೇಲೆ ಲೋಡು ಹೇರಿದರೆ ಅದು ಕಾದು ಕಾದು ಪದರ ಬಿಡುತ್ತದೆ. ಕೆಲವರು ಕಪ್ಪಗೆ ಹೊಳೆಯಲಿ ಅಂತ ಸುಟ್ಟ ಇಂಜಿನ್ ಆಯಿಲ್ ಬಳಿಯುತ್ತಾರೆ. ಎಣ್ಣೆ ರಬ್ಬರನ್ನು ಕೆಡಿಸುತ್ತದೆಂದು ಅವರಿಗೆ ಹೇಳುವವರು ಯಾರು?

ಅಮೆರಿಕದಲ್ಲಿ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ರಜೆಗೆ ಹೊರಡುವ ಜನರಿದ್ದಾರೆ. ಅವರಿಗೂ ಇದೇ ಗೋಳು. ವರ್ಷದ ಹೆಚ್ಚು ಕಾಲ ಮನೆಮುಂದೆ ನಿಲ್ಲುವ ಗಾಡಿ, ಬಟನ್ ತುಂಬ ಇರುವ ಮುದಿ ಟೈರು. ಶ್ರೀಮಂತರ ಮೋಜಿನ ಗಾಡಿಗೂ ನಮ್ಮ ರೈತನ ಕಬ್ಬಿನ ಗಾಡಿಗೂ ರಬ್ಬರು ಭೇದ ಮಾಡುವುದಿಲ್ಲ.

ಟೈರಿನ ವಯಸ್ಸು ತಿಳಿಯಲು ಜ್ಯೋತಿಷಿ ಬೇಡ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಎಂದಿದ್ದರೆ 2017ನೇ ಇಸವಿಯ 23ನೇ ವಾರ, ಅಂದರೆ ಜೂನ್ ತಿಂಗಳ ಮಾಲು. ಹೊರಗೋಡೆಯಲ್ಲಿ ಕಾಣದಿದ್ದರೆ ಬಗ್ಗಿ ಒಳಗೋಡೆ ನೋಡಬೇಕು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಅದನ್ನು ಮಕ್ಕಳ ಉಯ್ಯಾಲೆಗೆ ಕಟ್ಟಬಹುದು ಅಷ್ಟೇ. ರಿಟ್ರೇಡ್ ಮಾಡಿಸಿದ್ದಾದರೆ ಇನ್ನೂ ಎಚ್ಚರ ಬೇಕು. ಬಟನ್ ಹೊಸದು, ಮೈ ಹಳೆಯದು. ಮುದುಕನಿಗೆ ಹೊಸ ಚಪ್ಪಲಿ ಹಾಕಿಸಿದಂತೆ.

ಎಷ್ಟು ವರ್ಷಕ್ಕೆ ಬದಲಿಸಬೇಕು? ಕೆಲವು ಕಾರು ಕಂಪನಿಗಳು ಆರು ವರ್ಷ ಎನ್ನುತ್ತವೆ. ದೊಡ್ಡ ಟೈರು ಕಂಪನಿಗಳ ಮಾತು, ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ತುಂಬಿದರೆ ಚೆನ್ನಾಗಿ ಕಂಡರೂ ತೆಗೆಯಿರಿ, ಸ್ಟೆಪ್ನಿಯನ್ನೂ ಬಿಡಬೇಡಿ ಎಂದು. ನಮ್ಮ ಬಿಸಿಲು, ನಮ್ಮ ರಸ್ತೆ, ನಮ್ಮ ಓವರ್‌ಲೋಡು ನೋಡಿದರೆ ಹತ್ತರವರೆಗೆ ಕಾಯುವುದು ಹುಚ್ಚು ಧೈರ್ಯ. ಆರು-ಏಳಕ್ಕೇ ಬಿಡುವುದು ಲೇಸು.

ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರಿನಲ್ಲಿ ಸಂಗೀತ ಉತ್ಸವ ಮುಗಿಸಿ ಬರುತ್ತಿದ್ದ ಬಸ್ಸಿನ ಮುಂದಿನ ಟೈರು ಸಿಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು. ಆಗ ಅಲ್ಲಿಯೂ ವಯಸ್ಸಿನ ಕಾನೂನು ಇರಲಿಲ್ಲ. ಸತ್ತ ಹುಡುಗನೊಬ್ಬನ ತಾಯಿ ಹಟ ಬಿಡದೆ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು. ಕೊನೆಗೆ 2021ರ ಫೆಬ್ರವರಿ 1ರಿಂದ ಬಸ್ಸು, ಲಾರಿಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರು ಹಾಕಕೂಡದೆಂದು ಕಾನೂನಾಯಿತು.

ನಮ್ಮಲ್ಲಿ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಟೈರಿನ ಸ್ಥಿತಿಯ ಬಗ್ಗೆ ಹೇಳುತ್ತದೆ. ಬಟನ್ನಿನ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಇರಕೂಡದು. ವಯಸ್ಸಿನ ಸುದ್ದಿಯೇ ಇಲ್ಲ. ಬಟನ್ ಇದ್ದರೆ ಪಾಸ್.

ಹಾಗಂತ ಎಲ್ಲವನ್ನೂ ಟ್ರೈಲರು ಮಾಲೀಕನ ತಲೆಗೆ ಕಟ್ಟುವುದು ನ್ಯಾಯವಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ದುಡ್ಡು ಕೈಗೆ ಬರಬೇಕು. ಎಷ್ಟು ಸಲ ಬಂದಿದೆ ಎನ್ನುವುದನ್ನು ಹಳ್ಳಿಯ ಟೀ ಅಂಗಡಿಯ ಸಾಲದ ಪುಸ್ತಕ ಹೇಳುತ್ತದೆ. ಬಿಲ್ಲು ಬಾರದವನು ಹೊಸ ಟೈರು ಎಲ್ಲಿಂದ ತಂದಾನು? ಲಾರಿಯವರು ಬಿಸಾಕಿದ ಟೈರನ್ನು ಗುಜರಿಯಲ್ಲಿ ಹುಡುಕಿ ಹಾಕುತ್ತಾನೆ. ಆದರೆ ಕಾರ್ಖಾನೆಯವರಿಗೆ ಒಂದು ಕೆಲಸ ಕಷ್ಟವಲ್ಲ. ತೂಕದ ಕಟ್ಟೆಯ ಮೇಲೆ ಪ್ರತಿ ಟ್ರೈಲರೂ ನಿಲ್ಲಲೇಬೇಕು. ಕಬ್ಬಿನ ತೂಕ ಬರೆದುಕೊಳ್ಳುವವನು ಸೀಜನ್ನಿಗೊಮ್ಮೆ ಆ ನಾಲ್ಕು ಅಂಕಿಯನ್ನೂ ಬರೆದುಕೊಳ್ಳಲಿ. ಮುದಿ ಟೈರು ಕಂಡರೆ ಹೊಸದಕ್ಕೆ ಮುಂಗಡ ಕೊಟ್ಟು, ಬಿಲ್ಲಿನಲ್ಲಿ ಕಂತು ಕಂತಾಗಿ ಹಿಡಿದುಕೊಳ್ಳಲಿ. ಗೊಬ್ಬರಕ್ಕೆ, ಬಿತ್ತನೆಗೆ ಹಿಡಿದುಕೊಳ್ಳಲು ಬರುತ್ತದೆ, ಟೈರಿಗೆ ಯಾಕೆ ಬಾರದು?

ಸೀಜನ್ ಮುಗಿದ ಮೇಲೆ ಮಾಲೀಕರೂ ಖಾಲಿ ಟ್ರೈಲರನ್ನು ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ, ಟೈರಿಗೆ ಹಳೇ ಗೋಣಿಚೀಲ ಹೊದಿಸಿದರೆ ಒಂದೆರಡು ವರ್ಷ ಉಳಿಯುತ್ತದೆ. ಖರ್ಚು ಸೊನ್ನೆ.

ಇದು ಟ್ರೈಲರಿನ ಕಥೆ ಮಾತ್ರವೂ ಅಲ್ಲ. ಜಾತ್ರೆ, ಯಾತ್ರೆ, ಮದುವೆಗೆ ಮಾತ್ರ ಹೊರಡುವ ಟೆಂಪೋಗಳಿವೆ, ಬೇಸಗೆ ರಜೆಯೆಲ್ಲ ಬಿಸಿಲಲ್ಲಿ ಒಣಗುವ ಸ್ಕೂಲ್ ವ್ಯಾನುಗಳಿವೆ. ಮಗುವನ್ನು ವ್ಯಾನಿಗೆ ಹತ್ತಿಸುವ ತಂದೆ ಒಂದು ದಿನ ಬಗ್ಗಿ ಅಂಕಿ ಓದಿದರೆ ಡ್ರೈವರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ಎಫ್‌ಸಿ ಮಾಡುವ ಆರ್‌ಟಿಓ ಕಚೇರಿಯ ಫಾರಮ್ಮಿನಲ್ಲಿ ಟೈರು ಹುಟ್ಟಿದ ವರ್ಷಕ್ಕೆ ಒಂದು ಕಾಲಂ ಹಾಕಿಸಲು ದಿಲ್ಲಿಯ ಕಾನೂನು ತಿದ್ದುಪಡಿ ಆಗುವತನಕ ಕಾಯಬೇಕೇ ಎಂಬುದನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯವರು ಮುಂದಿನ ಸಭೆಯಲ್ಲಾದರೂ ಹೇಳಲಿ.