ಸಾಕಿ ಬೆಳೆಸಿದ ಮೀನಿಗೂ ನಿಷೇಧವೇ?

ಗಾಜಿನ ತೊಟ್ಟಿಯ ಮೀನಿಗೂ ನಮ್ಮ ಹೊಲಕ್ಕೂ ಏನು ಸಂಬಂಧವೆಂದು ಪುಟ ಮಗುಚಬೇಡಿ. ಆಗ್ನೇಯ ಏಷ್ಯದ ಅರೋವಾನ ಮೀನನ್ನು ಚೀನೀಯರು ಡ್ರ್ಯಾಗನ್ನಿನ ರೂಪವೆಂದು ನಂಬಿ ಅದೃಷ್ಟಕ್ಕಾಗಿ ಸಾಕುತ್ತಾರೆ. ಇದರ ಸಂತಾನ ಬಹಳ ನಿಧಾನ. ಪ್ರಾಯಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಇಡುವ ಮೊಟ್ಟೆಯೂ ಕೆಲವೇ ಡಜನ್. ಅವನ್ನು ಬಾಯಲ್ಲಿಟ್ಟುಕೊಂಡು ಕಾಯುವುದು ಗಂಡು (ಹೌದು, ತಂದೆಯೇ!). ಮರಿಯ ಆಸೆಗೆ ಆ ಗಂಡನ್ನೇ ಹಿಡಿದರೆ ಹೊಳೆಯಲ್ಲಿ ಉಳಿಯುವುದೇನು? 1975ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಇದರ ವ್ಯಾಪಾರವನ್ನು ತಡೆದದ್ದು ಸರಿಯೇ.

ಆದರೆ 1990ರ ದಶಕದಿಂದ ಸಿಂಗಪುರ, ಮಲೇಷ್ಯ, ಇಂಡೋನೇಷ್ಯಗಳ ನೋಂದಾಯಿತ ಕೊಳಗಳಲ್ಲಿ ಹುಟ್ಟಿದ ಮೀನನ್ನು, ಮೈಯೊಳಗೆ ಗುರುತಿನ ಚಿಪ್ ಸೇರಿಸಿ, ಪ್ರಮಾಣಪತ್ರದೊಡನೆ ಮಾರಲು ಅವಕಾಶವಾಗಿದೆ. ಅಮೆರಿಕ ಇಂಥ ಮೀನನ್ನೂ ಒಳಗೆ ಬಿಡದು. ಅಲ್ಲಿನ ಹವ್ಯಾಸಿಗಳು ಒಟ್ಟುಗೂಡಿ, ಕೊಳದ ಮೀನಿಗಾದರೂ ವಿನಾಯಿತಿ ಕೊಡಿ ಎನ್ನುತ್ತಿದ್ದಾರೆ. ಬೇಡಿಕೆ ನ್ಯಾಯವಾದದ್ದೇ.

ನಮ್ಮ ಶ್ರೀಗಂಧವನ್ನೇ ನೋಡಿ. ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿಯೂ ಸರ್ಕಾರದ್ದೆಂದಾಗ, ಯಾಕಪ್ಪಾ ಈ ತಂಟೆ ಎಂದು ಕಿತ್ತೆಸೆದವರು ನಿಮ್ಮೂರಿನಲ್ಲೂ ಇದ್ದಾರು. 2001ರ ತಿದ್ದುಪಡಿಯಿಂದ ಮರ ಜಮೀನಿನವನದಾಯಿತು. ಗಂಧ ನೆಡುವವರೂ ಹುಟ್ಟಿಕೊಂಡರು.

ಹವ್ಯಾಸಿಗಳಿಗೂ ಒಂದು ಮಾತಿದೆ. ಕೊಳದಲ್ಲಿ ಮೀನು ಹೆಚ್ಚಿದ ಮಾತ್ರಕ್ಕೆ ಬೋರ್ನಿಯೋದ ಕಾಪುವಾಸ್ ನದಿಯಲ್ಲಿ ಹೆಚ್ಚುವುದಿಲ್ಲ. ಕೊಳದ್ದೆಂದು ಸುಳ್ಳು ಹೇಳಿ ನದಿಯ ಮೀನನ್ನು ಮಾರುವ ಕಳ್ಳರಿಗೂ ಬರವಿಲ್ಲ. ಪರವಾನಗಿ ಕೇಳುವವರು, ಪ್ರತಿ ಮೀನಿನ ಬೆಲೆಯಲ್ಲಿ ಒಂದು ಪಾಲನ್ನು ಆ ನದಿಯ ಕಾವಲಿಗೆ ಕೊಡುತ್ತೇವೆಂದು ಮೊದಲು ಬರೆದುಕೊಡಲಿ.