ಧರ್ಮಕೇಂದ್ರದ ಸಭಾಂಗಣವೂ ನಮ್ಮ ಸೀಮೆಯ ಕಲಾವಿದರೂ

ಸುಗ್ಗಿ ಮುಗಿದು ಮಳೆ ಹಿಡಿಯುವ ತನಕ ಮುಂಡಗೋಡ ತಾಲೂಕಿನ ಪಾಳಾ ಸೀಮೆಯಲ್ಲಿ ನಾಟಕದ ಕಾಲ. ಮಲೆನಾಡು ಬಯಲಿಗೆ ಇಳಿಯುವ ಈ ಅಂಚಿನಲ್ಲಿ ಕಲೆಗೆ ಬರವಿಲ್ಲ. ಘಟ್ಟದ ಕಡೆಯಿಂದ ಯಕ್ಷಗಾನದ ಚೆಂಡೆ, ಹಾನಗಲ್ಲ ಕಡೆಯಿಂದ ಕಂಪನಿ ನಾಟಕದ ಹಾರ್ಮೋನಿಯಂ ಕೇಳಿಬರುತ್ತವೆ. ಸಿದ್ದಿ ಬಂಧುಗಳಿಗೆ ಡಮಾಮಿಯ ಕುಣಿತವಿದೆ. 1966ರಲ್ಲಿ ಮುಂಡಗೋಡಿನ ಬಳಿ ನೆಲೆನಿಂತ ಟಿಬೆಟನ್ನರು ಲಾಮೊ ಎಂಬ ಹಾಡುನಾಟಕದ ಪರಂಪರೆಯವರು. ನಮ್ಮಲ್ಲಿ ಕ್ರಿಸ್ತಜಯಂತಿಯ ಗೋದಲಿ ನಾಟಕ, ತಪಸ್ಸುಕಾಲದ ಯಾತನಾ ದೃಶ್ಯಗಳು. ಆದರೆ ನಾನು ಕಂಡಂತೆ ಒಬ್ಬರ ಆಟವನ್ನು ಇನ್ನೊಬ್ಬರು ನೋಡುವುದೇ ಅಪರೂಪ. ಕೂಡಿ ಆಡುವ ಮಾತು ದೂರವೇ ಉಳಿಯಿತು.

ಹಣವಿಲ್ಲ ಎಂಬ ಸಬೂಬು ಸುಲಭ. ಹಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರವೊಂದರಲ್ಲಿ ಊರಿನ ತಂಡದವರು ಎಂಟು ದಿನದ ತಾಲೀಮಿಗೆ ಸಭಾಂಗಣ ಕೇಳಿದ್ದರು. ಪೌರಾಣಿಕ ನಾಟಕವೆಂಬ ಅಳುಕಿನಿಂದ, ದೀಪದ ಖರ್ಚಿನ ನೆಪ ಹೇಳಿ ಕಳುಹಿಸಿಬಿಟ್ಟೆ. ಅವರು ಕಣದಲ್ಲೇ ತಾಲೀಮು ನಡೆಸಿದರು. ಆಟದ ರಾತ್ರಿ ಕುತೂಹಲ ತಡೆಯದೆ ಹೋಗಿ ಕುಳಿತರೆ, ನಮ್ಮ ಬಲಿಪೀಠದ ಮರಗೆಲಸ ಮಾಡಿದಾತನೇ ದುರ್ಯೋಧನ! ಅಷ್ಟು ವರ್ಷ ಆತನ ಉಳಿಯ ಸದ್ದು ಕೇಳಿದ್ದ ನಾನು ಆತನ ಕಂಠವನ್ನು ಕೇಳಿರಲಿಲ್ಲ.

ಕೂಡಿದರೆ ಏನಾದೀತೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯ ರಂಗಕರ್ಮಿ ಚಿದಂಬರರಾವ್ ಜಂಬೆಯವರು 1980ರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ಬಂದು, ಸಿದ್ದಿ ಕಲಾವಿದರೊಡನೆ ನಾಟಕ ಕಟ್ಟಿದರು. ಆಯ್ದುಕೊಂಡ ವಸ್ತು, ನೈಜೀರಿಯದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ. ಪೂರ್ವಜರ ಖಂಡದ ಕಥೆಯನ್ನು ಸಿದ್ದಿಗಳು ಕನ್ನಡದಲ್ಲಿ ಆಡಿದರು. ಮುಂದೆ ಆ ಸಮುದಾಯದ ಯುವಕ ಯುವತಿಯರು ಹೆಗ್ಗೋಡಿನಲ್ಲಿ ಕಲಿತು ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು.

ಆ ಕಾದಂಬರಿಯಲ್ಲಿ ಊರಿನ ಕಟ್ಟು ಸಡಿಲುವುದು ಕ್ರೈಸ್ತ ಮಿಷನರಿಗಳ ಆಗಮನದಿಂದಲೇ ಎಂಬುದನ್ನು ನಾವು ಮರೆಮಾಚಬಾರದು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಕಥೋಲಿಕರೂ ಇದ್ದಾರೆ. ಇಂಥ ನಾಟಕ ನಮ್ಮ ಅಂಗಳಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಕುಳಿತು ಕೇಳುವ ಎದೆ ನಮಗಿದೆಯೇ? ನಮ್ಮನ್ನು ಹೊಗಳುವ ಆಟಗಳಿಗೆ ಮಾತ್ರ ಬಾಗಿಲು ತೆರೆದರೆ ಕಲಾವಿದರು ಬರುವುದಿಲ್ಲ, ಬಂದರೂ ನಂಬುವುದಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಫ್ರಾನ್ಸಿನ ಕಥೋಲಿಕ ಚಿಂತಕ ಗಾಬ್ರಿಯೆಲ್ ಮಾರ್ಸೆಲ್ (1889-1973) ನನಗೆ ಪರಿಚಿತರಾದರು. ಅವರು ಸ್ವತಃ ನಾಟಕಕಾರರು. ಒಬ್ಬನು ಇನ್ನೊಬ್ಬನಿಗೆ ಒದಗುವಂತೆ ತನ್ನನ್ನು ತೆರೆದಿಡುವುದನ್ನು ಅವರು ಬಹು ದೊಡ್ಡ ಗುಣವೆಂದು ಎಣಿಸಿದರು. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ದುರ್ಯೋಧನನನ್ನು ಕಂಡ ಮೇಲೆ.

ಮಾಡಬೇಕಾದದ್ದು ಬೃಹತ್ ಯೋಜನೆಯೇನಲ್ಲ. ಹಳ್ಳಿಯ ತಂಡಗಳು ವರ್ಷಕ್ಕೊಮ್ಮೆ ಕುಳಿತು ದಿನಾಂಕಗಳನ್ನು ಹೊಂದಿಸಿಕೊಳ್ಳಲಿ. ಪರದೆ, ದೀಪ, ಧ್ವನಿವರ್ಧಕ ಕೈಯಿಂದ ಕೈಗೆ ಹೋಗಲಿ. ಒಂದೂರಿನ ನಟ ಇನ್ನೊಂದೂರಿನ ನಾಟಕದಲ್ಲಿ ಪಾತ್ರ ವಹಿಸಲಿ. ಹಾನಗಲ್ಲ ತಾಲೂಕಿನ ಶೇಷಗಿರಿಯೆಂಬ ಸಣ್ಣ ಊರಿನವರು ಗಜಾನನ ಯುವಕ ಮಂಡಳದ ಮೂಲಕ ಹವ್ಯಾಸಿ ರಂಗಭೂಮಿಯಲ್ಲಿ ಹೆಸರು ಮಾಡಿ, ರಂಗಮಂದಿರವನ್ನೂ ಪಡೆದಿದ್ದಾರೆ. ಅವರನ್ನು ಕರೆದು ಕೇಳಬಹುದು. ನಮ್ಮ ಪಾಲಿಗೆ ಬರುವುದು ಸಭಾಂಗಣದ ಬೀಗದ ಕೈ ಮತ್ತು ತಾಲೀಮಿನವರಿಗೆ ರಾತ್ರಿಯ ಗಂಜಿ.

ಇದರಲ್ಲಿ ಮತಪ್ರಚಾರದ ವಾಸನೆ ಇರಕೂಡದು. ಹಾಗೆಯೇ, ನಮ್ಮ ಮಕ್ಕಳು ಕೆಡುತ್ತಾರೆಂಬ ಗೊಣಗಾಟವೂ ಬೇಡ. ಗೋದಲಿ ನಾಟಕದ ಕುರುಬರ ಜೊತೆಗೆ ಡಮಾಮಿ ಬಾರಿಸುವವರು ಬಂದು ನಿಂತರೆ ಪ್ರಭುವಿನ ಜನನಕ್ಕೆ ಯಾವ ಕುಂದೂ ಇಲ್ಲ. ಮೊದಲ ವರ್ಷ ಯಾರ ಆಟ ಮೊದಲು ಎಂಬ ಜಗಳ ಎದ್ದೇ ಏಳುತ್ತದೆ. ಏಳಲಿ, ಜಗಳವಾಡಲಾದರೂ ಅವರು ಒಂದೇ ಚಾಪೆಯ ಮೇಲೆ ಕೂರಬೇಕಲ್ಲ.