ಕೇಳುವ ಮೊದಲೇ ಹೆಸರು ಕೇಳುವವರು

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ ಸಿಗುವ ಹೆಬ್ಬೂರಿನಲ್ಲಿ ನಮ್ಮ ಸಂಬಂಧಿ ಹುಡುಗನೊಬ್ಬ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಕೆಲಸ ಮಾಡುವಾಗ ಅವನಿಗೆ ಹಾಡು ಬೇಕೇ ಬೇಕು. ಕಳೆದ ಸಲ ಹೋಗಿದ್ದಾಗ ನಾವು ಮೆಚ್ಚಿದ ಒಂದು ಆಲ್ಬಮ್ಮನ್ನು ಅವನಿಗೂ ಕೇಳಿಸೋಣವೆಂದು ಅವನ ಫೋನಿನಲ್ಲೇ ಹುಡುಕಿ ಹಾಕಿದೆವು. ಸ್ಪೀಕರಿನಿಂದ ಸ್ಯಾಕ್ಸೊಫೋನ್ ಹೊರಟಿತು. ಹುಡುಗ ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ಬಂದು ಫೋನ್ ನೋಡಿದ. ಪರದೆಯ ಮೇಲೆ ತಂಡದ ಹೆಸರಿತ್ತು: ಇಂಡೋ-ಪಾಕ್ ಕೊಯಲಿಷನ್. ಅವನು ಹಾಡು ನಿಲ್ಲಿಸಲಿಲ್ಲ. ಫೋನನ್ನು ಬೋರಲು ಹಾಕಿದ. "ಗಿರಾಕಿಗಳು ಬರ್ತಾರೆ ಚಾಚಾ" ಎಂದ.

ಅವನನ್ನು ಹೇಡಿ ಎನ್ನಲು ನಮಗೆ ಬಾಯಿ ಬರಲಿಲ್ಲ. ತಾತ, ಮುತ್ತಾತ ಇದೇ ಸೀಮೆಯ ಮಣ್ಣಿನಲ್ಲಿ ಮಲಗಿದ್ದಾರೆ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ. ಬೈಕಿನ ಚೈನು ಸಡಿಲವಾದರೆ ಅವನು ಬೇಕು; ಕ್ರಿಕೆಟ್ ಪಂದ್ಯದ ದಿನ ಮಾತ್ರ ಅವನು ಯಾವ ಕಡೆ ಎಂದು ಸಾಬೀತು ಮಾಡಬೇಕು. ಅಂಥವನ ಫೋನಿನ ಮೇಲೆ 'ಪಾಕ್' ಎಂಬ ಎರಡಕ್ಷರ ಹೊಳೆದರೆ ಏನಾದೀತು ಎಂಬುದು ನಮಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಅಷ್ಟಕ್ಕೂ ಈ ತಂಡದಲ್ಲಿ ಇರುವವರು ಯಾರು? ಮೂವರೇ. ಸ್ಯಾಕ್ಸೊಫೋನ್ ನುಡಿಸುವವರು ರುದ್ರೇಶ್ ಮಹಾಂತಪ್ಪ. 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿದವರು. ತಂದೆತಾಯಿ ಕರ್ನಾಟಕ ಮೂಲದವರು. ತಂದೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಎಲೆಕ್ಟ್ರಿಕ್ ಗಿಟಾರ್ ರೆಝ್ ಅಬ್ಬಾಸಿಯವರದು. ಕರಾಚಿಯಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿಗೇ ಕುಟುಂಬದೊಂದಿಗೆ ಕ್ಯಾಲಿಫೋರ್ನಿಯಾ ಸೇರಿದವರು. ಮುಂದೆ ಭಾರತಕ್ಕೆ ಬಂದು ಉಸ್ತಾದ್ ಅಲ್ಲಾರಖಾ ಅವರಲ್ಲಿ ಲಯ ಕಲಿತರು. ಮೂರನೆಯವರು ಡ್ಯಾನ್ ವೈಸ್. ಅಮೆರಿಕದವರು, ಸಮೀರ್ ಚಟರ್ಜಿಯವರ ಬಳಿ ವರ್ಷಗಟ್ಟಲೆ ತಬಲಾ ಅಭ್ಯಾಸ ಮಾಡಿದವರು. ತಂಡದ ಹೆಸರಿನಲ್ಲಿರುವ 'ಪಾಕ್' ಎಂದರೆ ನಾಲ್ಕು ವರ್ಷದ ಒಂದು ಮಗು ಬಿಟ್ಟುಬಂದ ಊರು, ಅಷ್ಟೆ.

ಮೂವರೂ ಸೇರಿ 2008ರಲ್ಲಿ 'ಆಪ್ತಿ' ಎಂಬ ಆಲ್ಬಮ್ ತಂದರು. 2017ರಲ್ಲಿ 'ಅಗ್ರಿಮ'. ನಾವು ಹೆಬ್ಬೂರಿನಲ್ಲಿ ಹಾಕಿದ್ದು ಇದನ್ನೇ. ಕೊಯಲಿಷನ್ ಎಂದರೆ ಸಮ್ಮಿಶ್ರ. ನಮ್ಮ ವಿಧಾನಸೌಧ 2004ರಿಂದೀಚೆಗೆ ಕಂಡ ಮೂರು ಸಮ್ಮಿಶ್ರಗಳಲ್ಲಿ ಒಂದೂ ಎರಡು ವರ್ಷ ಪೂರೈಸಲಿಲ್ಲ. ಈ ಸಮ್ಮಿಶ್ರ ಒಂಬತ್ತು ವರ್ಷಗಳ ನಂತರವೂ ಒಟ್ಟಿಗೆ ಕುಳಿತು ನುಡಿಸಿದೆ.

ಜಾಝ್ ಎಂದರೆ ಹಲವರಿಗೆ ದೊಡ್ಡ ಹೋಟೆಲಿನ ಮಂದ ಬೆಳಕಿನ ಸಂಗೀತ. ಹಾಗಲ್ಲ. ಅದು ಅಮೆರಿಕದ ಕರಿಯ ಜನ ಅವಮಾನದ ನಡುವೆ ಕಟ್ಟಿಕೊಂಡ ಕಲೆ. 1960ರ ದಶಕದ ಕೊನೆಯಲ್ಲಿ ಮೈಲ್ಸ್ ಡೇವಿಸ್ ಅದಕ್ಕೆ ವಿದ್ಯುತ್ ವಾದ್ಯಗಳನ್ನು ಜೋಡಿಸಿದಾಗ ಜಾಝ್ ಪಂಡಿತರೇ ದ್ರೋಹವೆಂದು ಕೂಗಿದರು. ಹಾಗೆ ಹುಟ್ಟಿದ್ದು ಜಾಝ್-ರಾಕ್ ಫ್ಯೂಷನ್. 'ಅಗ್ರಿಮ' ಆ ವಂಶದ್ದು. 'ಆಪ್ತಿ'ಗೆ ಹೋಲಿಸಿದರೆ ಇಲ್ಲಿ ವಿದ್ಯುತ್ತಿನ ಪಾಲು ಹೆಚ್ಚು. ತಬಲಾದ ಪಕ್ಕಕ್ಕೆ ಡ್ರಮ್ ಸೆಟ್ ಬಂದಿದೆ, ಸ್ಯಾಕ್ಸೊಫೋನಿಗೆ ಎಲೆಕ್ಟ್ರಾನಿಕ್ಸ್ ಕೂಡಿದೆ, ಗಿಟಾರು ಒಮ್ಮೆ ತಂಬೂರಿಯ ಹಾಗೆ ನೆಲ ಹಾಸಿಕೊಟ್ಟರೆ ಇನ್ನೊಮ್ಮೆ ಸಿಡಿಯುತ್ತದೆ. ಬೇಸ್ ಗಿಟಾರ್ ನುಡಿಸುವವರು ತಂಡದಲ್ಲಿಲ್ಲ. ಆ ಖಾಲಿ ಜಾಗದಲ್ಲೇ ತಬಲಾಕ್ಕೆ ಉಸಿರಾಡಲು ಎಡೆ ಸಿಕ್ಕಿದೆ. ರಚನೆಗಳ ಹೆಸರೇ ನೋಡಿ: ಆಲಾಪ್, ರಸಿಕಪ್ರಿಯ, ರೇವತಿ. ಎಪ್ಪತ್ತೆರಡು ಮೇಳಕರ್ತಗಳಲ್ಲಿ ಕೊನೆಯದು ರಸಿಕಪ್ರಿಯ. ಕೆಲವು ಕಡೆ ಸದ್ದು ಅತಿಯಾಯಿತು, ಲೆಕ್ಕಾಚಾರ ಜಾಸ್ತಿಯಾಯಿತು ಎಂದು ನಮಗೂ ಅನ್ನಿಸಿದೆ. ಎರಡನೆಯ ಸಲ ಕೇಳಿದಾಗ ಸ್ವಲ್ಪ ಕಡಿಮೆ ಅನ್ನಿಸಿತು.

ಇದನ್ನು ಅವರು ಕಂಪನಿಯೊಂದರ ಹಂಗಿಲ್ಲದೆ ತಾವೇ ಹೊರತಂದರು. ಡೌನ್‌ಲೋಡ್ ಆಗಿ, ಜೊತೆಗೆ ವಿನೈಲ್ ತಟ್ಟೆಗಳಾಗಿ. ಹಾಗಾಗಿ ಅಂಗಡಿಯ ಶೋಕೇಸಿನಲ್ಲಿ ಕಾಣಸಿಗುವ ಸರಕಲ್ಲ. ಆದರೆ ಕನ್ನಡದಲ್ಲಿ ಇದರ ಬಗ್ಗೆ ಮಾತೇ ನಮ್ಮ ಕಿವಿಗೆ ಬಿದ್ದಿಲ್ಲವೆಂಬುದಕ್ಕೆ ಅದೊಂದೇ ಕಾರಣವೆಂದು ನಾವು ನಂಬುವುದಿಲ್ಲ.

ಇದೇ ಮಹಾಂತಪ್ಪನವರು 2004ರಲ್ಲಿ 'ಮದರ್ ಟಂಗ್' ಎಂಬ ಆಲ್ಬಮ್ ಮಾಡಿದ್ದರು. ಅಮೆರಿಕದ ಬೆಳ್ಳಗಿನ ಜನ ಎದುರಾದಾಗಲೆಲ್ಲ "ನೀವು ಇಂಡಿಯನ್ ಭಾಷೆ ಮಾತಾಡ್ತೀರಾ?" ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಭಾರತೀಯ ಮೂಲದವರು ತಂತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳ ಧಾಟಿಯನ್ನು ಹಿಡಿದು ಸಂಗೀತವಾಗಿಸಿದರು. ಅದರಲ್ಲೊಂದು ರಚನೆಯ ಹೆಸರೇ 'ಕನ್ನಡ'. 2008ರ 'ಕಿನ್ಸ್‌ಮೆನ್' ಆಲ್ಬಮ್ಮಿನಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪದ ಕದ್ರಿ ಗೋಪಾಲನಾಥರ ಜೊತೆ ನುಡಿಸಿದರು. ಅಲ್ಲೂ ಗಿಟಾರ್ ಹಿಡಿದವರು ಇದೇ ಅಬ್ಬಾಸಿ. ಕದ್ರಿಯವರಿಗೆ ಪದ್ಮಶ್ರೀ ಬಂದಾಗ ಹಿಗ್ಗಿದ ನಾವು, 2019ರಲ್ಲಿ ಅವರು ತೀರಿಕೊಂಡಾಗ ಕಣ್ಣೀರಿಟ್ಟ ನಾವು, ಅವರು ಯಾರ ಪಕ್ಕದಲ್ಲಿ ಕುಳಿತು ನುಡಿಸಿದ್ದರು ಎಂಬುದನ್ನು ನೋಡಿದ್ದೇವೆಯೇ?

ಇಲ್ಲೇ ನಮ್ಮ ತಕರಾರು ಇರುವುದು. ಇಟಲಿಯಲ್ಲಿ ಹುಟ್ಟಿ ಕೊಲೊರಾಡೊದಲ್ಲಿ ಬೆಳೆದವರು ಹೆಸರಿನ ಕೊನೆಯಲ್ಲಿ 'ಅಪ್ಪ' ಇದ್ದ ಮಾತ್ರಕ್ಕೆ ಕ್ಷಣದಲ್ಲಿ 'ನಮ್ಮವರು' ಆಗುತ್ತಾರೆ. ಆಗಲಿ, ನಮಗದು ಸಂತೋಷವೇ. ಆದರೆ ಹೆಬ್ಬೂರಿನಲ್ಲೇ ಹುಟ್ಟಿ, ಹೆಬ್ಬೂರಿನ ಶಾಲೆಯಲ್ಲಿ ಕನ್ನಡ ಕಲಿತು, ಅದೇ ರಸ್ತೆಯಲ್ಲಿ ಗ್ರೀಸ್ ಮೆತ್ತಿಕೊಂಡು ದುಡಿಯುವವನಿಗೆ ಆ ಪಟ್ಟ ಯಾಕೆ ಪ್ರತಿ ಸಲವೂ ನವೀಕರಣವಾಗಬೇಕು? ಕನ್ನಡತನವೆಂಬುದು ನುಡಿಯೇ, ನೆಲವೇ, ದುಡಿಮೆಯೇ, ಅಥವಾ ಬರೀ ಹೆಸರಿನ ಬಾಲವೇ?

ಇದಕ್ಕೆ ಸಿದ್ಧ ಉತ್ತರವೊಂದಿದೆ: ಗಡಿಯಲ್ಲಿ ರಕ್ತ ಹರಿಯುವಾಗ ಸಂಗೀತದ ಮಾತೇಕೆ? 2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನಲ್ಲಿ 26 ಮಂದಿಯನ್ನು ಕೊಂದರು. ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಕೊಂದವರಿಗೆ ಶಿಕ್ಷೆಯಾಗಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಮೇ 8ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಪಾಕಿಸ್ತಾನ ಮೂಲದ ಚಿತ್ರ, ಹಾಡು, ಸರಣಿಗಳನ್ನು ತೆಗೆಯುವಂತೆ ಜಾಲತಾಣಗಳಿಗೆ ಸೂಚಿಸಿತು. 'ಅಗ್ರಿಮ' ಅಮೆರಿಕದ ಸಂಗೀತಗಾರರದು. ಆ ಸೂಚನೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಸೂಚನೆಗಳು ಕಾಗದದ ಮೇಲೆ ಇರುವುದಕ್ಕಿಂತ ಉದ್ದವಾಗಿ ಬೀದಿಯಲ್ಲಿ ಬೆಳೆಯುತ್ತವೆ. ಸರ್ಕಾರ ನಿಷೇಧಿಸದ್ದನ್ನು ಅಂಜಿಕೆ ನಿಷೇಧಿಸುತ್ತದೆ, ಅದೂ ಬೈಕ್ ಅಂಗಡಿಯೊಂದರ ಸ್ಪೀಕರಿನವರೆಗೆ ಬಂದು. ಪಾಕಿಸ್ತಾನಿ ಕಲಾವಿದರಿಗೆ ಸಂಪೂರ್ಣ ನಿಷೇಧ ಬೇಕೆಂಬ ಅರ್ಜಿಯನ್ನು 2023ರಲ್ಲಿ ಮುಂಬಯಿ ಹೈಕೋರ್ಟು ತಳ್ಳಿಹಾಕಿತ್ತು. ಮೇಲ್ಮನವಿ ಹೋದಾಗ ಸುಪ್ರೀಂ ಕೋರ್ಟು ಇಷ್ಟು ಸಂಕುಚಿತರಾಗಬೇಡಿ ಎಂಬರ್ಥದಲ್ಲಿ ಬುದ್ಧಿ ಹೇಳಿತು. ಆ ಮಾತು ಎಷ್ಟು ಜನರ ನೆನಪಿನಲ್ಲಿದೆ?

ಇನ್ನೊಂದು ಗುಂಪಿನವರು 'ಪಾಕ್' ಎಂಬುದಕ್ಕೆ ಹೆದರುವುದಿಲ್ಲ, 'ಫ್ಯೂಷನ್' ಎಂದರೆ ಮೂಗು ಮುರಿಯುತ್ತಾರೆ. ಕಲಬೆರಕೆಯಂತೆ! ಕರ್ನಾಟಕ ಸಂಗೀತದ ಪಿಟೀಲು ಎಲ್ಲಿಯದು? ಕದ್ರಿಯವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ ಸ್ಯಾಕ್ಸೊಫೋನು ಬೆಲ್ಜಿಯಂನವನೊಬ್ಬ ಕಂಡುಹಿಡಿದದ್ದು. ಹಾರ್ಮೋನಿಯಂ ಯೂರೋಪಿನಿಂದ ಬಂತು. ಆಕಾಶವಾಣಿ 1940ರಲ್ಲಿ ಅದನ್ನು ಬಾನುಲಿಗೆ ಅಯೋಗ್ಯವೆಂದು ಹೊರಗಿಟ್ಟಿತು, ಮತ್ತೆ ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ. ಆ ಮೂವತ್ತೊಂದು ವರ್ಷವೂ ಗುಬ್ಬಿ ಸೀಮೆಯ ನಾಟಕಗಳು ಹಾರ್ಮೋನಿಯಂ ಇಲ್ಲದೆ ನಡೆದವೇ? ದೆಹಲಿಯ ಶುದ್ಧಿಯನ್ನು ಈ ಜನ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಹಾರ್ಮೋನಿಯಂ ನೆನಪಾದದ್ದಕ್ಕೆ ಕಾರಣವಿದೆ. ಅಂದು ಫೋನು ಬೋರಲು ಬಿದ್ದಿದ್ದಾಗಲೇ ಸುತ್ತಲಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಕಲಿಸುವ ಹಾರ್ಮೋನಿಯಂ ಮೇಷ್ಟ್ರೊಬ್ಬರು ಟಿವಿಎಸ್ ತಳ್ಳಿಕೊಂಡು ಬಂದರು. ಪ್ಲಗ್ ಹೋಗಿತ್ತು. ಹುಡುಗ ಬಿಚ್ಚಿ ಉಜ್ಜುತ್ತಿದ್ದಂತೆ ಅವರು ಸ್ಟೂಲಿನ ಮೇಲೆ ಕುಳಿತರು. ತಬಲಾ ಬಂದಾಗ ಅವರ ಬೆರಳು ತೊಡೆಯ ಮೇಲೆ ಲೆಕ್ಕ ಹಾಕತೊಡಗಿತು. ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು.

"ಏನ್ ಸಾಬ್ರೇ ಇದು, ಸಮಕ್ಕೆ ಬಂತು ಅನ್ನೋಷ್ಟರಲ್ಲಿ ಕೈ ಬಿಡಿಸ್ಕೊಂಡು ಓಡೋಗುತ್ತಲ್ಲ" ಎಂದರು ನಮ್ಮ ಕಡೆ ತಿರುಗಿ. ದೂರುವ ದನಿಯಲ್ಲ. ಗಾಡಿ ರಿಪೇರಿಯಾದ ಮೇಲೂ ಅವರು ಏಳಲಿಲ್ಲ. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆವು. ಈ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು.

ಹೊರಡುವಾಗ ಕೇಳಿದರು: "ಯಾರಪ್ಪಾ ನುಡಿಸಿರೋದು?"

"ರುದ್ರೇಶ್ ಮಹಾಂತಪ್ಪ ಅಂತ ಮೇಷ್ಟ್ರೇ" ಎಂದ ಹುಡುಗ.

"ಹಂಗಾದ್ರೆ ನಮ್ಮವ್ರೇ!" ಎಂದು ಮೇಷ್ಟ್ರು ಖುಷಿಪಟ್ಟರು. ಗಿಟಾರು ಯಾರದೆಂದು ಅವರು ಕೇಳಲಿಲ್ಲ. ಹುಡುಗ ಹೇಳಲಿಲ್ಲ. ಇಷ್ಟೆಲ್ಲ ಬರೆಯುವ ನಾವೂ ಅಲ್ಲೇ ನಿಂತಿದ್ದೆವು, ನಾವೂ ಹೇಳಲಿಲ್ಲ. ಮೇಷ್ಟ್ರ ಟಿವಿಎಸ್ ತಿರುವು ದಾಟಿ ಹೋಯಿತು. ಮುಂದಿನ ಸಲ ಹೆಬ್ಬೂರಿಗೆ ಹೋದಾಗ ಅವರನ್ನು ಹುಡುಕಿಕೊಂಡು ಹೋಗಿ ಹೇಳಬೇಕು, ರೆಝ್ ಅಬ್ಬಾಸಿ ಎಂದು.